ಕಿಟ್ಟಿ ಸಾಯುವುದಿಲ್ಲ

ಲಡ್ಲೋ, ೧೮೭೧

ಸೆಪ್ಟೆಂಬರ್ ೧೨, ಮಂಗಳವಾರ

ಲಂಡನ್ನಿನಿಂದ ಪ್ರಕಾಶಕ ಗ್ಯಾರೋ ಅವರ ಕಟ್ಟು ಬಂತು. ಕ್ರಿಸ್‌ಮಸ್ ಪುಸ್ತಕಕ್ಕೆ ಹನ್ನೆರಡು ಚಿತ್ರ. ಜರ್ಮನಿಯಲ್ಲಿ ಯಾರದೋ ಪುಸ್ತಕಕ್ಕೆ ಯಾರೋ ಕೆತ್ತಿದ ಮರದ ಅಚ್ಚುಗಳನ್ನು ಹಳೇ ಸಾಮಾನಿನಂತೆ ಕೊಂಡು, ಒಂದೊಂದು ಪ್ರತಿ ಒತ್ತಿ ನನಗೆ ಕಳಿಸುತ್ತಾರೆ. ಚಿತ್ರ ಮೊದಲು, ಪದ್ಯ ಆಮೇಲೆ. ಚಿತ್ರದಲ್ಲಿ ಮೇಕೆ ಇದ್ದರೆ ಪದ್ಯದಲ್ಲೂ ಮೇಕೆ ಬರಲೇಬೇಕು, ನನಗೆ ಮೇಕೆ ಬೇಕಿರಲಿ ಬೇಡದಿರಲಿ. ಮಿಸ್ ಡಾರ್ಕಸ್ ಪಿಲ್ಬೀಮ್‌ಗೆ, ಅಂದರೆ ನನಗೆ, ಸ್ಫೂರ್ತಿ ಮೇಲಿನಿಂದ ಇಳಿಯುತ್ತದೆ ಎಂದು ಊರಿನವರ ನಂಬಿಕೆ. ಇಳಿಯುವುದು ಅಂಚೆ ಗಾಡಿಯಿಂದ.

ಏಳನೆಯದು ಎಂದಿನಂತೆ ಸಾವಿನ ಚಿತ್ರ. ಮಂಚ, ಕಣ್ಣು ಮುಚ್ಚಿದ ಹುಡುಗಿ, ಮುಖ ಮುಚ್ಚಿಕೊಂಡ ತಾಯಿ, ಮೇಜಿನ ಮೇಲೆ ಶೀಶೆ ಮತ್ತು ಚಮಚ, ಕಿಟಕಿಯಿಂದ ಬೆಳಕು. ಭಾನುವಾರದ ಶಾಲೆಗಳಲ್ಲಿ ಒಳ್ಳೆಯ ನಡತೆಗೆ ಬಹುಮಾನವಾಗಿ ಹಂಚುವುದು ಇಂಥ ಪುಸ್ತಕಗಳನ್ನೇ. ಪುಸ್ತಕಕ್ಕೊಂದು ಒಳ್ಳೆಯ ಮಗು ಸಾಯದಿದ್ದರೆ ಆ ಸಮಿತಿಗಳು ಕೊಳ್ಳುವುದಿಲ್ಲ. ಹೀಗಾಗಿ ನಾನು ವರ್ಷಕ್ಕೊಂದು ಮಗುವನ್ನು ಕೊಲ್ಲುತ್ತಾ ಬಂದಿದ್ದೇನೆ. ಕೆಮ್ಮು, ಜ್ವರ, ಒಮ್ಮೆ ಹಿಮ. ಕೈ ಪಳಗಿದೆ. ಈ ಸಲದ ಹುಡುಗಿಗೆ ಕಿಟ್ಟಿ ಎಂದು ಹೆಸರಿಟ್ಟೆ.

ಚಿತ್ರಗಳನ್ನೆಲ್ಲ ಎದುರಿನ ಕುರ್ಚಿಯ ಮೇಲೆ ಪೇರಿಸಿದೆ. ಅಮ್ಮ ಹೋದಂದಿನಿಂದ ಆ ಕುರ್ಚಿಗೆ ಬೇರೆ ಕೆಲಸವಿಲ್ಲ.

ಸೆಪ್ಟೆಂಬರ್ ೧೫

ಪಕ್ಕದ ಮನೆಗೆ ಹೊಸಬರು ಬಂದಿದ್ದಾರೆ. ಕುದುರೆಯ ಜೀನು ಹೊಲಿಯುವ ಈನಕ್ ಒರೆಲ್, ಅವನ ಹೆಂಡತಿ, ಒಂದು ಹುಡುಗಿ. ಎರಡು ಮನೆಗೂ ಒಂದೇ ಗೋಡೆ. ಇಷ್ಟು ದಿನ ಆಚೆ ಕಡೆ ಪಾದ್ರಿಯೊಬ್ಬರ ಕಿವುಡು ವಿಧವೆ ಇದ್ದಳು, ದೇವರಂಥ ನೆರೆಯವಳು. ಈಗ ಬೆಳಗಿನಿಂದ ಸುತ್ತಿಗೆ, ಚರ್ಮದ ವಾಸನೆ.

ಸೆಪ್ಟೆಂಬರ್ ೨೦

ಯಾರೋ ಗೋಡೆ ತಟ್ಟುತ್ತಾರೆ. ಸುತ್ತಿಗೆಯಲ್ಲ, ಗೆಣ್ಣಿನಿಂದ ತಟ್ಟಿದ ಹಾಗೆ. ಟಕ್ ಟಕ್ ಟಕ್. ನಾನು ಪ್ರಾಸ ಹುಡುಕುವ ಹೊತ್ತಿಗೇ ಸರಿಯಾಗಿ. ಲೇಖನಿ ಕೆಳಗಿಟ್ಟರೆ ಸುಮ್ಮನಾಗುತ್ತದೆ, ಎತ್ತಿಕೊಂಡರೆ ಮತ್ತೆ ಶುರು. ಮೇಕೆಯ ಪದ್ಯ ಮೂರು ಸಾಲಿಗೆ ನಿಂತಿದೆ.

ಸೆಪ್ಟೆಂಬರ್ ೨೩

ಬೆಳಿಗ್ಗೆ ಮನೆಗೆಲಸಕ್ಕೆ ಬರುವ ಮಿಸೆಸ್ ಮ್ಯಾಗ್ಸ್‌ಳನ್ನು ಪಕ್ಕದ ಮನೆಗೆ ದೂರು ಹೇಳಲು ಕಳಿಸಿದೆ. ಹೋದವಳು ಅರ್ಧ ಬೆಳಗನ್ನು ಅಲ್ಲೇ ಕಳೆದು ಬಂದಳು.

"ಆ ಹುಡುಗೀದೇ ಕೆಲಸ ಅಮ್ಮಾವ್ರೇ. ಲೆಟ್ಟಿ ಅಂತೆ ಹೆಸರು. ಎದೆ ಕಾಯಿಲೆಯಂತೆ, ಮಲಗಿಸಿದಾರೆ. ನನ್ನನ್ನ ನೋಡಿ ನಾಲಿಗೆ ಚಾಚಿದ್ಲು!"

"ಕಾಯಿಲೆಯವಳು ಸುಮ್ಮನೆ ಮಲಗಬಾರದೇ?"

"ಅದನ್ನ ನೀವೇ ಹೋಗಿ ಕೇಳಿ. ಮಕ್ಕಳಿಗೆ ಬುದ್ಧಿ ಹೇಳೋ ಪುಸ್ತಕ ಬರಿಯೋರು ನೀವು. ನಾನು ಬರೀ ನೆಲ ಒರೆಸೋಳು."

ಮ್ಯಾಗ್ಸ್‌ಳ ನಾಲಿಗೆಗೆ ಎಲುಬಿಲ್ಲ. ನಾನು ಹೋಗಲಿಲ್ಲ. ಮಕ್ಕಳ ಪದ್ಯ ಬರೆಯುತ್ತೇನೆ, ನಿಜ. ಮಕ್ಕಳ ಜೊತೆ ಮಾತಾಡಲು ನನಗೆ ಬರುವುದಿಲ್ಲ. ಅವು ನೆಟ್ಟ ನೋಟದಿಂದ ನೋಡುತ್ತವೆ.

ಸೆಪ್ಟೆಂಬರ್ ೩೦

ಆ ತಾಯಿಯೇ ಬಂದಳು. ತೆಳ್ಳಗಿನ ಹೆಂಗಸು, ಅತ್ತು ಕಣ್ಣು ಕೆಂಪಗಿತ್ತು. ಕೈಯಲ್ಲಿ ನನ್ನದೇ ಪುಸ್ತಕ, ಹಿಂದಿನ ವರ್ಷದ್ದು. ಲೆಟ್ಟಿಗೆ ಭಾನುವಾರದ ಶಾಲೆಯಲ್ಲಿ ಬಹುಮಾನ ಬಂದದ್ದಂತೆ. ಬಾಗಿಲಲ್ಲೇ ನಿಂತಳು. ಕೂರಲು ಹೇಳೋಣವೆಂದರೆ ಕುರ್ಚಿಯ ತುಂಬ ಚಿತ್ರ.

"ಗೋಡೆ ತಟ್ಟೋದಕ್ಕೆ ಕ್ಷಮಿಸಿ ಮಿಸ್. ಬೇಕಂತಲೇ ತಟ್ತಾಳೆ. ದಿನಕ್ಕೆ ಏನಾದ್ರೂ ಒಂದು ಕೆಟ್ಟ ಕೆಲಸ ಮಾಡ್ಲೇಬೇಕಂತೆ ಅವಳಿಗೆ."

"ಯಾಕೆ?"

ಅವಳು ಪುಸ್ತಕ ತೆರೆದು ತೋರಿಸಿದಳು. ಹಿಂದಿನ ವರ್ಷದ ಮಗು ರೂತ್ ಸಾಯುವ ಪುಟ. ನನ್ನ ಸಾಲುಗಳೇ:

ಕಹಿಯ ಮದ್ದನು ಕುಡಿದಳು ಜಾಣೆ
ಮುಖವನು ಹಿಂಡದೆ, ಅಳದೆ;
ಕಣ್ಣನು ಮುಚ್ಚಿದಳಂದಿನ ಸಂಜೆ,
ಹೋದಳು ಯಾರಿಗು ಹೇಳದೆ.

"ಒಳ್ಳೇ ಮಕ್ಕಳು ಸಾಯ್ತಾರೆ, ಕೆಟ್ಟೋರು ಬದುಕ್ತಾರೆ ಅಂತಾಳೆ ಮಿಸ್. ಪುಸ್ತಕದಲ್ಲಿ ಸೇಬು ಕದ್ದ ಹುಡುಗ ಪುಟ ಮುಗಿಯೋವರೆಗೂ ಗಟ್ಟಿಮುಟ್ಟಾಗಿದಾನಲ್ಲ, ಮದ್ದು ಕುಡಿದ ರೂತೇ ಅಲ್ವಾ ಸತ್ತಿದ್ದು, ಅಂತ ಕೇಳ್ತಾಳೆ. ಮೀನೆಣ್ಣೆ ಬಾಯಿಗೆ ಹಾಕಿದ್ರೆ ಉಗೀತಾಳೆ. ಗಂಜಿ ಮುಟ್ಟಲ್ಲ. ಪ್ರಾರ್ಥನೆ ಬಿಟ್ಟಿದಾಳೆ. ಎಣ್ಣೆ, ಆಹಾರ ಎರಡೂ ಹೊಟ್ಟೆಗೆ ಹೋಗದಿದ್ರೆ ಈ ಚಳಿಗಾಲ ದಾಟಲ್ಲ ಅಂದ್ರು ಡಾಕ್ಟರು."

"ಅದು ಬರೀ ಪದ್ಯ" ಎಂದೆ. ಅವಳು ತಲೆ ಆಡಿಸಿ ಹೋದಳು. ಎಂಥ ಮಾತಾಡಿದೆ ನಾನು!

ಅಕ್ಟೋಬರ್ ೧

ಚರ್ಚಿನಲ್ಲಿ ಒಂದಕ್ಷರ ಕಿವಿಗೆ ಬೀಳಲಿಲ್ಲ. ಏಳು ವರ್ಷದ ಹುಡುಗಿ ನನ್ನ ಪುಸ್ತಕವನ್ನು ನನಗಿಂತ ಚೆನ್ನಾಗಿ ಓದಿದ್ದಾಳೆ. ಅವಳ ತರ್ಕದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಅಕ್ಟೋಬರ್ ೩

ಹೋದೆ. ಲೆಟ್ಟಿ ಕಿಟಕಿಯ ಬಳಿ ಮಂಚದಲ್ಲಿದ್ದಳು. ಕೈಗಳು ಕಡ್ಡಿ. ಕಣ್ಣುಗಳು ಮಾತ್ರ ಸುಂಕದವನ ಹಾಗೆ ನನ್ನನ್ನು ಮೇಲಿಂದ ಕೆಳಗೆ ಅಳೆದವು.

"ರೂತ್‌ನ ಕೊಂದೋರು ನೀವೇನಾ?"

"ಹೌದು."

"ಯಾಕೆ ಕೊಂದ್ರಿ?"

"ಚಿತ್ರದಲ್ಲಿ ಹಾಗಿತ್ತು. ಮಂಚದ ಮೇಲೆ ಕಣ್ಣು ಮುಚ್ಚಿಕೊಂಡು ಮಲಗಿದ್ದಳು."

"ಕಣ್ಣು ಮುಚ್ಚಿದ್ರೆ ಸತ್ತ ಹಾಗಾ? ನಾನು ದಿನಾ ಮುಚ್ತೀನಿ. ಅಮ್ಮ ಚಮಚ ತಂದಾಗ."

ಅವಳಿಗೆ ಕೆಮ್ಮು ಬಂತು. ಬಹಳ ಹೊತ್ತು ಕೆಮ್ಮಿದಳು. ತಾಯಿ ಬೆನ್ನು ನೀವುತ್ತಿದ್ದಳು, ನಾನು ಕೈಗವಸು ಹಿಂಡುತ್ತಾ ನಿಂತಿದ್ದೆ. ಕೆಮ್ಮು ನಿಂತ ಮೇಲೆ ಹುಡುಗಿ ನನ್ನ ಕಡೆ ತಿರುಗಿ ನಾಲಿಗೆ ಚಾಚಿದಳು. ತುಂಟತನಕ್ಕಲ್ಲ. ಬದುಕಬೇಕು ಎಂದು.

ಮನೆಗೆ ಬಂದು ಕೋಟು ಬಿಚ್ಚದೆ ಏಳನೆಯ ಚಿತ್ರ ತೆಗೆದು ನೋಡಿದೆ. ಹುಡುಗಿ ಸತ್ತಿದ್ದಾಳೆ ಎನ್ನಲು ಚಿತ್ರದಲ್ಲಿ ಏನಿದೆ? ಏನೂ ಇಲ್ಲ. ಶೀಶೆ ಇದೆ, ಚಮಚ ಇದೆ, ಕಣ್ಣು ಮುಚ್ಚಿದೆ.

ಅಕ್ಟೋಬರ್ ೪

ಪದ್ಯ ಒಂದೇ ಉಸಿರಿಗೆ ಬಂತು. ಇಷ್ಟು ವರ್ಷದಲ್ಲಿ ಹೀಗೆ ಬಂದದ್ದೇ ಇಲ್ಲ. ಮ್ಯಾಗ್ಸ್‌ಗೆ ಓದಿದೆ.

ಸತ್ತಂತೆ ಬಿದ್ದಿಹಳು ಕಿಲಾಡಿ ಕಿಟ್ಟಿ,
ಕಣ್ಮುಚ್ಚಿ, ತುಟಿಮುಚ್ಚಿ, ಉಸಿರನ್ನು ಕಟ್ಟಿ!
ಅಮ್ಮನು ಅತ್ತಳು, ಚಮಚವ ಇಟ್ಟಳು,
ಆಚೆಗೆ ಹೋದಳೋ, ಕಿಟ್ಟಿ ಕಣ್ ಬಿಟ್ಟಳು.
ಮೆಲ್ಲಗೆ ಎದ್ದಳು, ಕಪಾಟು ತೆರೆದಳು,
ಮೀನೆಣ್ಣೆ ಶೀಶೆಯನೆ ಕದ್ದು ಕುಡಿದಳು!
ಬೈದರೆ ಬೈಯಲಿ, ಕಿವಿ ಹಿಂಡಿ ಎಳೆಯಲಿ,
ಕೆಟ್ಟವಳು ಕಿಟ್ಟಿ, ನೂರು ವರ್ಷ ಬಾಳಲಿ!

ಮ್ಯಾಗ್ಸ್ ಪೊರಕೆ ಹಿಡಿದು ನಿಂತೇ ಕೇಳಿದಳು. "ಅಯ್ಯೋ ದೇವ್ರೇ, ಇದಕ್ಕೆ ಯಾವ ಪಾದ್ರಿ ಬಹುಮಾನ ಕೊಡ್ತಾನೆ ಅಮ್ಮಾವ್ರೇ?" ಅಂದಳು. ಆಮೇಲೆ, "ಇನ್ನೊಂದ್ಸಲ ಓದಿ" ಅಂದಳು.

ಅಕ್ಟೋಬರ್ ೬

ಲೆಟ್ಟಿಗೆ ಓದಿದೆ. ನಗಲಿಲ್ಲ. ಗಂಭೀರವಾಗಿ ಕೇಳಿದಳು.

"ಕಿಟ್ಟಿ ಆ ಎಣ್ಣೆ ಯಾಕೆ ಕುಡಿದ್ಲು? ಅದು ಒಳ್ಳೇ ಮಕ್ಕಳು ಕುಡಿಯೋದು."

"ಕೊಟ್ಟಾಗ ಕುಡಿದರೆ ಒಳ್ಳೆಯವಳು. ಕದ್ದು ಕುಡಿದರೆ ಕಳ್ಳಿ."

"ಕಳ್ಳತನ ತುಂಬಾ ಕೆಟ್ಟದ್ದಾ?"

"ತುಂಬಾ. ಹತ್ತು ಆಜ್ಞೆಗಳಲ್ಲೇ ಬರುತ್ತದೆ."

ಅವಳು ಕಪಾಟಿನ ಕಡೆ ಓರೆಗಣ್ಣಿನಿಂದ ನೋಡಿದಳು. ನಾನು ಏನೂ ಕಾಣದವಳಂತೆ ಎದ್ದು ಬಂದೆ. ಹೊರಗೆ ಅವಳ ತಾಯಿಯ ಕಿವಿಯಲ್ಲಿ ಹೇಳಿದೆ: ಶೀಶೆಯನ್ನು ಕೈಗೆಟುಕುವ ಕಡೆ ಇಡಿ, ಗಂಜಿಯನ್ನೂ ಇಡಿ, ಬೆನ್ನು ತಿರುಗಿಸಿ ನಿಲ್ಲಿ, ಆಮೇಲೆ ಚೆನ್ನಾಗಿ ಬೈಯಿರಿ.

"ಬೈಬೇಕಾ ಮಿಸ್? ಕಾಯಿಲೆ ಮಗೂನ?"

"ಬೈಯದಿದ್ದರೆ ಅವಳು ನಂಬುವುದಿಲ್ಲ."

ಅಕ್ಟೋಬರ್ ೯

ಗೋಡೆಯಾಚೆ ಮಿಸೆಸ್ ಒರೆಲ್‌ಳ ಕೂಗು: "ಎಲಾ ಕಳ್ಳಿ! ಮತ್ತೆ ಎಣ್ಣೆ ಕದ್ದೆಯಾ?" ಪಾಪದ ಹೆಂಗಸು, ಬೈಯುವುದು ಅವಳಿಗೆ ಒಗ್ಗುವುದಿಲ್ಲ, ಕೊನೆಯಲ್ಲಿ ದನಿ ಒಡೆಯುತ್ತದೆ. ಕೂಡಲೇ ನನ್ನ ಗೋಡೆಯ ಮೇಲೆ ಟಕ್ ಟಕ್ ಟಕ್.

ಲೇಖನಿಯ ಹಿಂಬದಿಯಿಂದ ನಾನೂ ತಟ್ಟಿದೆ. ಸುಮ್ಮನೆ, ಗದ್ದಲ ನಿಲ್ಲಲಿ ಎಂದು.

ಅಕ್ಟೋಬರ್ ೧೮

ಹನ್ನೆರಡು ಪದ್ಯಗಳೂ ಲಂಡನ್ನಿಗೆ ಹೋದವು. ಕೆಲಸವಿಲ್ಲ. ಒರೆಲ್‌ಗಳ ಮನೆಗೆ ದಿನವೂ ಹೋಗುವುದು ಚೆನ್ನಾಗಿರುವುದಿಲ್ಲ, ಹಾಗಾಗಿ ಒಂದು ದಿನ ಬಿಟ್ಟು ಒಂದು ದಿನ ಹೋಗುತ್ತಿದ್ದೇನೆ. ಇಂದು ಬಿಡುವ ದಿನ. ಕತ್ತಲೆ ಬೇಗ ಆಗುತ್ತದೆ ಈಗೀಗ. ದೀಪ ಹಚ್ಚಿದೆ, ಆರಿಸಿದೆ, ಮತ್ತೆ ಹಚ್ಚಿದೆ. ಮಾತಾಡಲು ಜನವಿಲ್ಲದ ಮನೆಯಲ್ಲಿ ಸಂಜೆ ಎಷ್ಟು ಉದ್ದ ಎಂಬುದು ಮೊದಲೆಲ್ಲ ಗೊತ್ತೇ ಆಗುತ್ತಿರಲಿಲ್ಲ.

ಅಕ್ಟೋಬರ್ ೨೭

ಗ್ಯಾರೋ ಬರೆದಿದ್ದಾರೆ. ಹನ್ನೊಂದು ಪದ್ಯ ಸೊಗಸಾಗಿವೆಯಂತೆ. ಏಳನೆಯದು ಆಗದ ಮಾತಂತೆ. "ಕಳ್ಳತನ ಮಾಡಿದ ಮಗು ನೂರು ವರ್ಷ ಬಾಳಿದರೆ ಯಾವ ಸಮಿತಿ ಒಪ್ಪುತ್ತದೆ, ಪ್ರಿಯ ಮಿಸ್ ಪಿಲ್ಬೀಮ್? ದಯವಿಟ್ಟು ಮಗು ಈ ತಿಂಗಳೊಳಗೆ ತೀರಿಕೊಳ್ಳಲಿ. ಇಲ್ಲವಾದರೆ ಪುಸ್ತಕವನ್ನೇ ಬೇರೆಯವರಿಗೆ ಕೊಡಬೇಕಾಗುತ್ತದೆ."

ನನಗೆ ಆ ಪದ್ಯ ಎರಡು ನಿಮಿಷದ ಕೆಲಸ. ಕಣ್ಣು ಮುಚ್ಚಿ ಬರೆಯಬಲ್ಲೆ. ಬರೆಯಲೂ ಕುಳಿತೆ. ಗೋಡೆಯ ಆಚೆಯಿಂದ ಟಕ್ ಟಕ್ ಟಕ್. ಆ ಪುಸ್ತಕ ಲೆಟ್ಟಿಯ ಕೈಗೆ ಬಂದೇ ಬರುತ್ತದೆ. ಏಳನೆಯ ಪುಟ ತೆರೆದೇ ತೆರೆಯುತ್ತಾಳೆ.

ಅಕ್ಟೋಬರ್ ೨೮

ಗ್ಯಾರೋಗೆ ಉತ್ತರ ಹಾಕಿದೆ: ಕಿಟ್ಟಿ ಸಾಯುವುದಿಲ್ಲ.

ಅಷ್ಟೇ ಬರೆದೆ. ಅಂಚೆಪೆಟ್ಟಿಗೆಯೊಳಗೆ ಬಿದ್ದ ಮೇಲೆ ಅದನ್ನು ವಾಪಸು ಎಳೆದುಕೊಳ್ಳಬೇಕು ಅನ್ನಿಸಿತು, ಪೆಟ್ಟಿಗೆಯ ಬಾಯಿ ಕಿರಿದು.

ನವೆಂಬರ್ ೪

ಪುಸ್ತಕ ಬೇರೆಯವರಿಗೆ ಹೋಯಿತು. ನನ್ನ ಹನ್ನೊಂದು ಪದ್ಯವೂ ಬೇಡವಂತೆ, ಇಡೀ ಪುಸ್ತಕ ಒಂದೇ ಕೈಯಲ್ಲಿರಲಿ ಎಂದಿದ್ದಾರೆ. ಚಿತ್ರಗಳನ್ನು ಕಟ್ಟಿ ಹಿಂದಕ್ಕೆ ಕಳಿಸಿದೆ.

ಬೇಜಾರಾಗಲಿಲ್ಲ ಎಂದರೆ ಸುಳ್ಳು. ಇಷ್ಟು ವರ್ಷವೂ ಶರತ್ಕಾಲವೆಂದರೆ ಚಿತ್ರಗಳು. ಅವುಗಳಲ್ಲಿನ ಮೇಕೆ, ಹಕ್ಕಿ, ಹುಡುಗರು ನನ್ನ ಜೊತೆ ಊಟಕ್ಕೆ ಕೂರುತ್ತಿದ್ದವು. ಈಗ ಕುರ್ಚಿ ಖಾಲಿ. ಮ್ಯಾಗ್ಸ್ ಅದರ ದೂಳು ಒರೆಸಿ, "ಇದಕ್ಕೊಂದು ಸೀಟಿದೆ ಅಂತ ಇವತ್ತೇ ಗೊತ್ತಾಗಿದ್ದು" ಎಂದಳು.

ನವೆಂಬರ್ ೧೩

ಇಂದು ಗೋಡೆ ತಟ್ಟಲಿಲ್ಲ.

ನವೆಂಬರ್ ೧೪

ಇಂದೂ ಇಲ್ಲ. ಡಾಕ್ಟರ ಗಾಡಿ ಬಾಗಿಲಲ್ಲಿ ನಿಂತಿದೆ. ಒರೆಲ್‌ನ ಸುತ್ತಿಗೆಯೂ ಸುಮ್ಮನಿದೆ. ಹೋಗಿ ಕೇಳಲು ಧೈರ್ಯವಿಲ್ಲ. ನಾನು ಯಾರು ಅವರಿಗೆ?

ನವೆಂಬರ್ ೧೫

ಮ್ಯಾಗ್ಸ್ ಬಂದು ಹೇಳಿದಳು. ಜ್ವರ ಏರಿದೆ, ಹುಡುಗಿಗೆ ಎಚ್ಚರ ತಪ್ಪಿದೆ. ಕೇಳಿ ಏನು ಬರೆಯಲಿ? ದೇವರೇ, ಅವಳು ಒಳ್ಳೆಯವಳಲ್ಲ. ಕಳ್ಳಿ, ಮೊಂಡಿ, ಹಿರಿಯರಿಗೆ ನಾಲಿಗೆ ಚಾಚುವವಳು. ನಿನಗೆ ಬೇಕಾದವಳಲ್ಲ. ಬಿಟ್ಟುಬಿಡು.

ನವೆಂಬರ್ ೧೭

ಮಧ್ಯಾಹ್ನ ಗೋಡೆಗೆ ಕಿವಿ ಇಟ್ಟು ಕುಳಿತಿದ್ದೆ. ಮ್ಯಾಗ್ಸ್ ನೋಡಿದಳು, ಯಾವತ್ತೂ ಇಲ್ಲದ ಹಾಗೆ ಬಾಯಿ ಮುಚ್ಚಿಕೊಂಡು ಹೋದಳು.

ಒಂದು ಸಲ ತಟ್ಟಿತು. ಗೆಣ್ಣಿನದಲ್ಲ, ಉಗುರಿನದು. ಟಕ್. ಒಂದೇ.

ಅತ್ತುಬಿಟ್ಟೆ. ಬರೆದೇ ಬಿಡುತ್ತೇನೆ, ಯಾರು ಓದುತ್ತಾರೆ ಇದನ್ನು. ಅಮ್ಮ ಹೋದಾಗಲೂ ಹೀಗೆ ಅತ್ತಿರಲಿಲ್ಲ.

ನವೆಂಬರ್ ೨೯

ಲೆಟ್ಟಿ ಎದ್ದು ಕೂರುತ್ತಾಳೆ. ಎಣ್ಣೆಯ ಜೊತೆ ಈಗ ಅಪ್ಪನ ತಟ್ಟೆಯ ಮಾಂಸವನ್ನೂ ಕದಿಯುತ್ತಾಳಂತೆ. ಒರೆಲ್ ಕದಿಯಲೆಂದೇ ದೊಡ್ಡ ತುಂಡು ಹಾಕಿಸಿಕೊಂಡು ಗೋಡೆ ನೋಡುತ್ತಾ ಕೂರುತ್ತಾನೆ. ಎತ್ತಿನಂಥ ಆಳು, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು.

ನನಗೆ ನೆಗಡಿ, ಕೆಮ್ಮು. ಹೋದಾಗ ಲೆಟ್ಟಿ ಅನುಮಾನದಿಂದ ನೋಡಿದಳು.

"ನಿಮಗೂ ಕೆಮ್ಮಾ ಮಿಸ್?"

"ಸ್ವಲ್ಪ."

"ಮದ್ದು ಕುಡಿದ್ರಾ?"

"ಕುಡಿದೆ."

"ಮುಖ ಹಿಂಡದೇನಾ?"

"ನನಗೇನು ಮುಖ ಹಿಂಡುವ ವಯಸ್ಸೇ?"

ಅವಳ ಮುಖ ಬಿಳಿಚಿಕೊಂಡಿತು. ನನಗೆ ಅರ್ಥವಾಗಲಿಲ್ಲ.

ಡಿಸೆಂಬರ್ ೮

ಡಾಕ್ಟರು ಕಡಲ ಗಾಳಿ ಬೇಕು ಎಂದಿದ್ದಾರೆ. ವೇಲ್ಸ್ ತೀರದಲ್ಲಿ ಲೆಟ್ಟಿಯ ಚಿಕ್ಕಮ್ಮ ಇದ್ದಾಳಂತೆ. ತಾಯಿ, ಮಗಳು ಅಲ್ಲಿಗೆ ಹೋಗಿ ವಸಂತದವರೆಗೆ ಇರುತ್ತಾರೆ. ಒರೆಲ್‌ಗೆ ಕೆಲಸ ಬಿಟ್ಟು ಹೋಗಲಾಗದು. ಒಳ್ಳೆಯದೇ ಆಯಿತು. ಕಡಲ ಗಾಳಿ ಎದೆಗೆ ಒಳ್ಳೆಯದು. ಬಹಳ ಒಳ್ಳೆಯದು.

ಡಿಸೆಂಬರ್ ೧೯

ಬೆಳಿಗ್ಗೆ ಹೊರಟರು. ಗಾಡಿ ಬಾಗಿಲಲ್ಲಿ ಕಾಯುತ್ತಿರುವಾಗ ಒರೆಲ್ ಮಗಳನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ನನ್ನ ಮನೆಗೆ ಬಂದ. ಹಟ ಹಿಡಿದಳಂತೆ. ಎದುರಿನ ಕುರ್ಚಿಯ ಮೇಲೆ ಕೂರಿಸಿದ.

"ಅಪ್ಪ, ನೀನು ಹೊರಗೆ ನಿಂತಿರು" ಎಂದಳು. ಅವನು ಟೋಪಿ ಹಿಡಿದು ಹೊರಗೆ ನಿಂತ.

"ಮಿಸ್, ನೀವು ಒಳ್ಳೆಯವರಾ?"

"ಊರಿನವರು ಹಾಗೆನ್ನುತ್ತಾರೆ."

"ನನಗೆ ಗೊತ್ತಿತ್ತು!" ಅವಳ ಗಲ್ಲ ಅದುರಿತು. "ಚರ್ಚಿಗೆ ಹೋಗ್ತೀರ, ಮೆಲ್ಲಗೆ ಮಾತಾಡ್ತೀರ, ಒಂದು ಚೂರು ತಿಂತೀರ, ಮದ್ದು ಕುಡಿದ್ರೂ ಮುಖ ಹಿಂಡಲ್ಲ. ಮೇಲೆ ಕೆಮ್ಮು ಬೇರೆ. ನೀವು ಸತ್ತೇ ಹೋಗ್ತೀರ. ನಾನು ಬರೋ ಹೊತ್ತಿಗೆ ಇರಲ್ಲ."

"ಇರುತ್ತೇನೆ ಲೆಟ್ಟಿ."

"ಹಾಗಂದ್ರೆ ಆಗಲ್ಲ. ದಿನಕ್ಕೊಂದು ಕೆಟ್ಟ ಕೆಲಸ ಮಾಡಿ. ಮಾಡಿದ ಮೇಲೆ ಗೋಡೆ ತಟ್ಟಿ. ಮಾತು ಕೊಡಿ."

"ನೀನು ಅಲ್ಲಿರುವಾಗ ತಟ್ಟಿದರೆ ಯಾರಿಗೆ ಕೇಳುತ್ತದೆ?"

"ಮಾತು ಕೊಡಿ ಮಿಸ್."

ಕೊಟ್ಟೆ. ಒರೆಲ್ ಅವಳನ್ನು ಎತ್ತಿಕೊಂಡು ಹೋದ. ಬೀದಿಯ ತಿರುವಿನವರೆಗೂ ಅವಳ ನಾಲಿಗೆ ಗಾಡಿಯ ಕಿಟಕಿಯಿಂದ ಹೊರಗಿತ್ತು. ನಾನೂ ಚಾಚಿದೆ. ಎದುರು ಮನೆಯ ಪರದೆ ಸರಿದದ್ದನ್ನು ಕಂಡೆ, ಕಂಡರೂ ಚಾಚಿಯೇ ಇದ್ದೆ.

ಡಿಸೆಂಬರ್ ೨೧

ಒರೆಲ್‌ನ ಸುತ್ತಿಗೆ ಬಿಟ್ಟರೆ ಗೋಡೆ ಸತ್ತ ಹಾಗಿದೆ. ಇಂದಿನ ಕೆಟ್ಟ ಕೆಲಸ: ಮ್ಯಾಗ್ಸ್ ತನಗೆಂದು ಬಚ್ಚಿಟ್ಟಿದ್ದ ಒಣದ್ರಾಕ್ಷಿ ತಿಂದೆ. ತಟ್ಟಲಿಲ್ಲ. ಹುಡುಗಾಟ, ಬಿಡು.

ಡಿಸೆಂಬರ್ ೨೩

ಪುಸ್ತಕದಂಗಡಿಯ ಕಿಟಕಿಯಲ್ಲಿ ಗ್ಯಾರೋ ಅವರ ಹೊಸ ಪುಸ್ತಕ. ಒಳಗೆ ಹೋಗಿ ಏಳನೆಯ ಚಿತ್ರ ತೆರೆದೆ. ಬೇರೆ ಯಾರೋ ಕೊಂದಿದ್ದಾರೆ, ನೀಟಾಗಿ. ಅಂಗಡಿಯವನು ಆಚೆ ನೋಡುತ್ತಿದ್ದಾಗ ಆ ಒಂದು ಪ್ರತಿಯಲ್ಲಿ, ಆ ಪದ್ಯದ ಕೆಳಗೆ, ಪೆನ್ಸಿಲಿನಲ್ಲಿ ಬರೆದೆ: ನಂಬಬೇಡಿ, ಎದ್ದಳು. ಐವತ್ತಾರು ವರ್ಷದವಳು ಮಾಡುವ ಕೆಲಸವೇ? ಓಡಿ ಬಂದೆ. ಇಂದೂ ತಟ್ಟಲಿಲ್ಲ. ಅವಳಿಲ್ಲದ ಕೋಣೆಗೆ ತಟ್ಟುವವರು ಹುಚ್ಚರು.

ಡಿಸೆಂಬರ್ ೨೫, ಸೋಮವಾರ

ಕ್ರಿಸ್‌ಮಸ್. ಮ್ಯಾಗ್ಸ್ ತನ್ನ ಮಗಳ ಮನೆಗೆ ಹೋಗಿದ್ದಾಳೆ. ಒಬ್ಬಳೇ ಊಟಕ್ಕೆ ಕುಳಿತೆ. ಎದುರಿಗೆ ಖಾಲಿ ಕುರ್ಚಿ. ಮೊದಲೂ ಒಬ್ಬಳೇ ಇದ್ದೆ, ಆಗ ಅದು ಅಭ್ಯಾಸ. ಈಗ ನೋವು. ಕೊಟ್ಟ ಮಾತು ನೆನಪಾಯಿತು. ಹಬ್ಬದ ದಿನ ಆಚೆ ಮನೆಯಲ್ಲಿ ಊಟಕ್ಕೆ ಕುಳಿತ ಕ್ರೈಸ್ತನೊಬ್ಬನ ನೆಮ್ಮದಿ ಕೆಡಿಸುವುದು ಸಾಕಷ್ಟು ಕೆಟ್ಟ ಕೆಲಸವೇ ಎಂದುಕೊಂಡು ಎದ್ದು ಹೋಗಿ ಗೋಡೆ ತಟ್ಟಿದೆ. ಟಕ್ ಟಕ್ ಟಕ್.

ಧಡ್! ಧಡ್! ಧಡ್!

ಸುತ್ತಿಗೆಯದು. ಗೋಡೆಯ ಸುಣ್ಣ ಉದುರಿ ನನ್ನ ತಟ್ಟೆಗೆ ಬಿತ್ತು. ನನ್ನ ತಂದೆಯ ಪಟ ಓರೆಯಾಯಿತು. ಆಮೇಲೆ ಬಾಗಿಲು ತಟ್ಟುವ ಸದ್ದು. ಒರೆಲ್ ನಿಂತಿದ್ದ, ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಬಾತುಕೋಳಿ ಮಾಂಸದ ತಟ್ಟೆ. ಬೆವರಿದ್ದ.

"ಕ್ಷಮಿಸಿ ಮಿಸ್. ನೀವು ತಟ್ಟಿದ್ರೆ ತಿರುಗಿ ತಟ್ಟಬೇಕು ಅಂತ ಮಗು ಹೇಳಿ ಹೋಗಿತ್ತು. ತಟ್ಟದಿದ್ರೆ ಕ್ರಿಸ್‌ಮಸ್‌ವರೆಗೆ ನೋಡು, ಆಮೇಲೆ ಬಾಗಿಲು ಒಡೆದು ಒಳಗೆ ಹೋಗು ಅಂತ. ದಿನಾ ಗೋಡೆ ಹತ್ರಾನೇ ಕೂತು ಕೆಲಸ ಮಾಡಿದೆ. ತಟ್ಟಲಿಲ್ಲ ನೀವು. ಇವತ್ತು ಊಟ ಆದ ಮೇಲೆ ಒಡೆಯೋಣ ಅಂತ ಸುತ್ತಿಗೆ ಎತ್ತಿಟ್ಕೊಂಡಿದ್ದೆ."

ಇಷ್ಟು ದೊಡ್ಡ ಮಾತು ಅವನು ಎಂದೂ ಆಡಿರಲಾರ. ಆಡಿ ದಣಿದು ಬೂಟಿನ ತುದಿ ನೋಡುತ್ತಾ ನಿಂತ.

"ಒಳಗೆ ಬನ್ನಿ ಮಿಸ್ಟರ್ ಒರೆಲ್. ಕುರ್ಚಿ ಖಾಲಿ ಇದೆ" ಎಂದೆ. ಮಾಂಸಕ್ಕೆ ಉಪ್ಪು ಜಾಸ್ತಿಯಾಗಿತ್ತು, ಆದರೂ ಇಬ್ಬರೂ ಪೂರ್ತಿ ತಿಂದೆವು.

ಅವನು ಹೊರಟ ಮೇಲೆ ಆಚೆ ಬಾಗಿಲು ಮುಚ್ಚಿದ ಸದ್ದು ಕೇಳಿತು. ನಾನು ಮದ್ದು ಕುಡಿದೆ. ಚೆನ್ನಾಗಿ ಮುಖ ಹಿಂಡಿದೆ. ಆಮೇಲೆ ಎದ್ದು ಗೋಡೆ ತಟ್ಟಿದೆ.